ಪತ್ತೇದಾರಿ ಕಾದಂಬರಿಯೂ ಕಾನೂನಿನ ಪುಸ್ತಕವೂ

(ಸಂಘದ ವಾಚನಾಲಯದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯದ ಸೂಚನೆಗಳ ಪುಸ್ತಕದಲ್ಲಿ ಈ ವರ್ಷ ಎರಡು ಬಗೆಯ ದೂರುಗಳು ಬಂದಿವೆ. ಒಂದನೆಯದು: ಪತ್ತೇದಾರಿ ಕಾದಂಬರಿಗಳಿಗೆ ಸಂಘದ ಹಣ ಸುರಿಯುವುದು ಬೇಡ, ಅವು ಕೆಲಸಗಾರನ ತಲೆ ಕೆಡಿಸುತ್ತವೆ, ಆ ಹಣದಲ್ಲಿ ಜ್ಞಾನದ ಪುಸ್ತಕ ತನ್ನಿ. ಎರಡನೆಯದು: ರಾಜ್ಯಶಾಸ್ತ್ರ, ಕಾನೂನು, ಸಂವಿಧಾನ ಎಂದು ದಪ್ಪ ದಪ್ಪ ಪುಸ್ತಕ ತಂದಿಟ್ಟಿದ್ದೀರಿ, ಅವನ್ನು ಧೂಳು ಬಿಟ್ಟು ಬೇರಾರೂ ಮುಟ್ಟುವುದಿಲ್ಲ, ಓದುವಂಥ ಪುಸ್ತಕ ತನ್ನಿ. ಎರಡರ ಕೆಳಗೂ ರುಜುಗಳು ಹೆಚ್ಚುಕಡಿಮೆ ಸಮವಾಗಿವೆ. ಹಣ ಮಾತ್ರ ಒಂದು ಪಕ್ಷಕ್ಕೇ ಸಾಲುವಷ್ಟಿದೆ. ಸಭೆ ಇಂದು ಇದನ್ನು ತೀರ್ಮಾನಿಸಬೇಕಾಗಿದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಎರಡೂ ಬೇಕು. ಅದೂ ಬೇರೆ ಬೇರೆ ಕಪಾಟಿನಲ್ಲಲ್ಲ, ಒಂದೇ ಕಪಾಟಿನಲ್ಲಿ ಅಕ್ಕಪಕ್ಕದಲ್ಲಿ ಇರಬೇಕು. ಏಕೆಂದರೆ ಇವೆರಡೂ ಒಂದೇ ಪ್ರಶ್ನೆಯ ಎರಡು ಭಾಗಗಳು. “ಯಾರು ಮಾಡಿದರು?” ಎಂದು ಪತ್ತೇದಾರಿ ಕಾದಂಬರಿ ಕೇಳುತ್ತದೆ. “ಇವನೇ ಮಾಡಿದನೆಂದು ಹೇಳುವ ಅಧಿಕಾರ ಯಾರಿಗೆ? ಯಾವ ಆಧಾರದ ಮೇಲೆ? ಹೇಳಿದ ಮೇಲೆ ಅವನನ್ನು ಏನು ಮಾಡಬಹುದು, ಏನು ಮಾಡಬಾರದು?” ಎಂದು ಕಾನೂನಿನ ಪುಸ್ತಕ ಕೇಳುತ್ತದೆ. ಮೊದಲನೆಯದನ್ನು ಮಾತ್ರ ಕೇಳಲು ಕಲಿತವನು ಅರ್ಧ ಕಲಿತವನು. ಎರಡನೆಯದನ್ನು ಕೇಳುವ ಅಗತ್ಯ ಯಾರಿಗಾದರೂ ದಿನನಿತ್ಯ ಬೀಳುವುದಾದರೆ, ಅದು ಅನ್ಯರ ಹಣ, ಅನ್ಯರ ಸಾಮಾನು, ಅನ್ಯರ ಬೀಗದ ಕೈ ಇವುಗಳ ನಡುವೆ ದುಡಿಯುವ ನಮ್ಮಂಥವರಿಗೆ.

ನಾವು ಏಳನೆಯ ತರಗತಿಗೆ ಶಾಲೆ ಬಿಟ್ಟು ತಟ್ಟೆ ತೊಳೆಯಲು ಬಂದವರು. ನಮಗೆ ಓದುವ ಚಟ ಹಿಡಿಸಿದ್ದು ಪಠ್ಯಪುಸ್ತಕವಲ್ಲ. ರಾತ್ರಿ ಹೋಟೆಲು ಮುಚ್ಚಿ, ಮೇಜಿನ ಮೇಲೆ ಕುರ್ಚಿ ಏರಿಸಿ, ನೆಲ ತೊಳೆದು, ಅದೇ ನೆಲದ ಮೇಲೆ ಚಾಪೆ ಹಾಸಿದ ಮೇಲೆ, ಹೊದಿಕೆಯೊಳಗೆ ಓದಿದ ಪತ್ತೇದಾರಿ ಕಾದಂಬರಿಗಳೇ ಹಿಡಿಸಿದ್ದು. ಇಲ್ಲಿ ಕುಳಿತ ಹಿರಿಯರಲ್ಲಿ ಅನೇಕರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕೈಹಿಡಿದೇ ಅಕ್ಷರ ಗಟ್ಟಿಮಾಡಿಕೊಂಡವರು. ನೂರಾರು ಕಾದಂಬರಿ ಬರೆದ ಆ ನರಸಿಂಹಯ್ಯನವರೂ ಹೆಚ್ಚು ಶಾಲೆ ಕಂಡವರಲ್ಲ. ಕನ್ನಡದ ಹಳದಿ-ಕೆಂಪು ಬಾವುಟವನ್ನು ನಮಗೆ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಆದುದರಿಂದ ಈ ಪುಸ್ತಕಗಳನ್ನು ಕೀಳೆಂದು ಮೂಗು ಮುರಿಯುವವರು ಸ್ವಲ್ಪ ನಿಧಾನಿಸಬೇಕು. ಓದಲು ಬಾರದವನ ಮುಂದೆ ಸಂವಿಧಾನವಿಟ್ಟು ಪ್ರಯೋಜನವಿಲ್ಲ. ಓದಲು ಕಲಿಸುವುದು ಕುತೂಹಲ.

ಕುತೂಹಲವಷ್ಟೇ ಅಲ್ಲ. ಒಳ್ಳೆಯ ಪತ್ತೇದಾರಿ ಕಥೆಯಲ್ಲಿ ಒಂದು ಶಿಸ್ತು ಇದೆ. ಊರೆಲ್ಲ ಒಬ್ಬನತ್ತ ಬೆರಳು ಮಾಡಿದಾಗ ಪತ್ತೇದಾರನೊಬ್ಬ ಮಾತ್ರ “ಸಾಕ್ಷಿ ಎಲ್ಲಿ?” ಎನ್ನುತ್ತಾನೆ. ಬಾಗಿಲು ಒಳಗಿನಿಂದ ಹಾಕಿತ್ತೇ, ಹೊರಗಿನಿಂದಲೇ ಎಂದು ನೋಡುತ್ತಾನೆ. ಯಾರು ಸುಳ್ಳು ಹೇಳಿದರೆ ಯಾರಿಗೆ ಲಾಭ ಎಂದು ಲೆಕ್ಕ ಹಾಕುತ್ತಾನೆ. 1841ರಲ್ಲಿ ಅಮೆರಿಕದ ಎಡ್ಗರ್ ಅಲನ್ ಪೋ ಎಂಬಾತ ಇಂಥ ಮೊದಲ ಕಥೆಗಳಲ್ಲೊಂದನ್ನು ಬರೆದನು. 1887ರಲ್ಲಿ ಇಂಗ್ಲೆಂಡಿನ ಆರ್ಥರ್ ಕಾನನ್ ಡಾಯ್ಲ್ ಎಂಬ ವೈದ್ಯನು ಷರ್ಲಾಕ್ ಹೋಮ್ಸನನ್ನು ಲೋಕಕ್ಕೆ ತಂದನು. ಅಂದಿನಿಂದ ಇಂದಿನವರೆಗೂ ಈ ಜಾತಿಯ ಕಥೆಗಳ ಪ್ರಾಣವೆಲ್ಲ ಇರುವುದು ಮುಖ ನೋಡಿ ತೀರ್ಪು ಕೊಡಬೇಡ ಎಂಬ ಒಂದೇ ಪಾಠದಲ್ಲಿ.

ಈ ಎರಡು ಬಗೆಯ ಪುಸ್ತಕಗಳಿಗೆ ಸಂಬಂಧವೇ ಇಲ್ಲವೆನ್ನುವವರಿಗೆ ನಮ್ಮ ನಾಡಿನಲ್ಲೇ ಸಿಕ್ಕ ಒಂದು ಪುಸ್ತಕದ ಮಾತು ಹೇಳುತ್ತೇವೆ. ಕೌಟಿಲ್ಯನ ಅರ್ಥಶಾಸ್ತ್ರದ ಹೆಸರು ಕೇಳದವರಿಲ್ಲ. ಆದರೆ ಶತಮಾನಗಳ ಕಾಲ ಅದರ ಹೆಸರು ಮಾತ್ರ ಉಳಿದು ಪುಸ್ತಕ ಕಣ್ಮರೆಯಾಗಿತ್ತು. 1905ರಲ್ಲಿ ತಂಜಾವೂರು ಕಡೆಯ ಒಬ್ಬ ಪಂಡಿತರು ತಂದುಕೊಟ್ಟ ತಾಳೆಗರಿಯ ಕಟ್ಟಿನಲ್ಲಿ ಅದನ್ನು ಗುರುತಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲೀಷ್ ಅನುವಾದವನ್ನೂ ಅವರು ಅಚ್ಚು ಹಾಕಿಸಿದರು.

ಅರ್ಥಶಾಸ್ತ್ರವು ರಾಜ್ಯಶಾಸ್ತ್ರದ ಗ್ರಂಥ. ಸುಂಕ, ಸೈನ್ಯ, ಮಂತ್ರಿ, ಗೂಢಚಾರ ಎಲ್ಲವೂ ಅದರಲ್ಲಿವೆ. ಅದರ ನಾಲ್ಕನೆಯ ಅಧಿಕರಣಕ್ಕೆ ಕಂಟಕಶೋಧನವೆಂದು ಹೆಸರು. ಮುಳ್ಳು ತೆಗೆಯುವುದು ಎಂದರ್ಥ. ಅಲ್ಲಿ ಒಂದು ಅಧ್ಯಾಯವಿಡೀ ಪತ್ತೇದಾರಿಯೇ. ಹಠಾತ್ತನೆ ಸತ್ತವನ ಶವಕ್ಕೆ ಎಣ್ಣೆ ಬಳಿದು ಪರೀಕ್ಷಿಸಬೇಕು, ಕುತ್ತಿಗೆಯ ಮೇಲೆ ಗುರುತಿದೆಯೇ ನೋಡಬೇಕು, ವಿಷದ ಶಂಕೆಯಿದ್ದರೆ ಉಳಿದ ಆಹಾರವನ್ನು ಪರೀಕ್ಷಿಸಬೇಕು ಎಂದು ವಿವರವಾಗಿ ಹೇಳಿದೆ. ಅದರ ಜೊತೆಗೇ ಇನ್ನೊಂದು ಮಾತೂ ಇದೆ. ಇದನ್ನು ನಾವು ಕಿವಿಗೊಟ್ಟು ಕೇಳಬೇಕು. ವಿಷದಿಂದ ಸತ್ತವನ ಮನೆಯಲ್ಲಿ ಅವನಿಂದ ಬೈಗುಳ ಪೆಟ್ಟು ತಿಂದ ಆಳುಗಳಿದ್ದರೆ ಅವರನ್ನು ವಿಚಾರಿಸಬೇಕಂತೆ! ನೋಡಿದಿರಾ? ಎರಡು ಸಾವಿರ ವರ್ಷದ ಹಿಂದೆಯೂ ಸಂಶಯದ ಬೆರಳು ಮೊದಲು ಹೋದದ್ದು ಅಡಿಗೆ ಮನೆಯತ್ತ.

ಮುಂದಿನ ಅಧ್ಯಾಯದಲ್ಲಿ ಆರೋಪಿಯ ಬಾಯಿ ಬಿಡಿಸುವ ಕ್ರಮ ಬರುತ್ತದೆ. ಅಲ್ಲಿ ಹಿಂಸೆಗೆ ಅಪ್ಪಣೆ ಇದೆ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಅದೇ ಪುಟಗಳಲ್ಲಿ ಗ್ರಂಥಕಾರನು ಒಂದು ಎಚ್ಚರಿಕೆಯನ್ನೂ ಕೊಡುತ್ತಾನೆ. ಯಕ್ಷಗಾನ, ತಾಳಮದ್ದಳೆ, ಪುರಾಣ ಕೇಳಿದವರಿಗೆ ಮಾಂಡವ್ಯ ಮುನಿಯ ಕಥೆ ಗೊತ್ತು. ಕಳ್ಳರು ಅವನ ಆಶ್ರಮದಲ್ಲಿ ಮಾಲು ಅಡಗಿಸಿಟ್ಟರು, ರಾಜಭಟರು ಮುನಿಯನ್ನೇ ಹಿಡಿದರು, ಅವನನ್ನು ಶೂಲಕ್ಕೇರಿಸಿದರು. ಆ ಮಾಂಡವ್ಯನು ಕಳ್ಳನಲ್ಲದಿದ್ದರೂ ಹಿಂಸೆಗೆ ಹೆದರಿ ತಾನೇ ಕಳ್ಳನೆಂದು ಒಪ್ಪಿಕೊಂಡನು, ಆದುದರಿಂದ ಪುರಾವೆ ಪೂರ್ತಿಯಾದವನನ್ನು ಮಾತ್ರ ದಂಡಿಸಬೇಕು ಎಂದು ಅರ್ಥಶಾಸ್ತ್ರ ಹೇಳುತ್ತದೆ. ತಪ್ಪೊಪ್ಪಿಗೆಯೇ ಸತ್ಯವಲ್ಲ ಎಂಬ ಅರಿವು ಅಷ್ಟು ಹಳೆಯದು.

1764ರಲ್ಲಿ ಇಟಲಿಯ ಚೆಸಾರೆ ಬೆಕ್ಕಾರಿಯಾ ಎಂಬ ಇಪ್ಪತ್ತಾರು ವರ್ಷದ ತರುಣನು ಅಪರಾಧ ಮತ್ತು ಶಿಕ್ಷೆಗಳ ಮೇಲೆ ಒಂದು ಚಿಕ್ಕ ಪುಸ್ತಕ ಬರೆದನು. ಮೊದಲ ಮುದ್ರಣದಲ್ಲಿ ತನ್ನ ಹೆಸರನ್ನೇ ಹಾಕಿಸಲಿಲ್ಲ, ಕಾಲ ಹಾಗಿತ್ತು. ಅವನ ವಾದ ಮಿಲ್ಲಿನ ಮಗ್ಗದಷ್ಟು ಸರಳ. ಹಿಂಸೆ ಕೊಟ್ಟು ವಿಚಾರಿಸಿದರೆ ಗಟ್ಟಿ ಮೈಯ ಅಪರಾಧಿ ತಾಳಿಕೊಂಡು ಪಾರಾಗುತ್ತಾನೆ, ದುರ್ಬಲನಾದ ನಿರಪರಾಧಿ ಸಿಕ್ಕಿಬೀಳುತ್ತಾನೆ. ಶಿಕ್ಷೆ ಕ್ರೂರವಾಗಿದ್ದರೆ ಅಪರಾಧ ಕಡಿಮೆಯಾಗುವುದಿಲ್ಲ. ಶಿಕ್ಷೆ ತಪ್ಪುವುದಿಲ್ಲವೆಂಬ ಖಾತ್ರಿಯಿದ್ದರೆ ಕಡಿಮೆಯಾಗುತ್ತದೆ. ಮರಣದಂಡನೆಯೂ ಬೇಡವೆಂದು ಅವನು ವಾದಿಸಿದನು. ಯೂರೋಪಿನ ದೊರೆಗಳೂ ನ್ಯಾಯಾಧೀಶರೂ ಆ ಚಿಕ್ಕ ಪುಸ್ತಕವನ್ನು ಓದಬೇಕಾಯಿತು.

ಇಲ್ಲಿಗೆ ಪತ್ತೇದಾರಿ ಕಾದಂಬರಿಯ ಒಂದು ಕೊರತೆ ನಮಗೆ ಕಾಣುತ್ತದೆ. ಕಾದಂಬರಿಗೆ ಕೊನೆಯ ಪುಟವೊಂದಿದೆ. ಅಲ್ಲಿ ಪತ್ತೇದಾರನು ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸಿ ಬೆರಳು ಮಾಡುತ್ತಾನೆ, ಖೂಳನು ಒಪ್ಪಿಕೊಳ್ಳುತ್ತಾನೆ, ಪೋಲೀಸರು ಬೇಡಿ ಹಾಕುತ್ತಾರೆ, ಪುಸ್ತಕ ಮುಗಿಯುತ್ತದೆ. ಬೇಡಿ ಬಿದ್ದವನೇ ಅಪರಾಧಿ ಎಂಬುದು ಲೇಖಕನಿಗೆ ಗೊತ್ತು, ಏಕೆಂದರೆ ಅವನೇ ಬರೆದದ್ದು. ನಿಜ ಜೀವನದಲ್ಲಿ ಕೊನೆಯ ಪುಟ ಯಾರ ಕೈಯಲ್ಲೂ ಇಲ್ಲ. ಪೋಲೀಸರ ಕೈಯಲ್ಲೂ ಇಲ್ಲ, ಮಾಲಕರ ಕೈಯಲ್ಲೂ ಇಲ್ಲ. ಆದರೂ ಕಾದಂಬರಿ ಓದಿ ಓದಿ ‘ಹಿಡಿದರು ಎಂದರೆ ಮಾಡಿರಲೇಬೇಕು’ ಎಂಬ ಭಾವನೆ ನಮ್ಮಲ್ಲಿ ಬೇರೂರುತ್ತದೆ. ಕಾನೂನಿನ ಪುಸ್ತಕ ಪ್ರಾರಂಭವಾಗುವುದು ಕಾದಂಬರಿ ಮುಗಿಯುವ ಈ ಬೇಡಿಯ ಜಾಗದಿಂದಲೇ.

ಪತ್ತೇದಾರಿ ಕಥೆ ಬರೆದವನೊಬ್ಬನು ಕಾನೂನಿನ ಪುಸ್ತಕ ಬರೆದವನೊಬ್ಬನ ಬೇಡಿ ಕಳಚಲು ನಿಂತ ಪ್ರಸಂಗವೊಂದು ಚರಿತ್ರೆಯಲ್ಲಿದೆ. ಅದರ ಬೇರು ಈ ಮುಂಬಯಿಯಲ್ಲೇ ಇದೆ. ಶಾಪೂರ್ಜಿ ಎದಲ್ಜಿ ಎಂಬ ಮುಂಬಯಿಯ ಪಾರಸಿಗಳು ಕ್ರೈಸ್ತರಾಗಿ ಇಂಗ್ಲೆಂಡಿಗೆ ಹೋಗಿ ಗ್ರೇಟ್ ವಿರ್ಲೀ ಎಂಬ ಹಳ್ಳಿಯಲ್ಲಿ ಪಾದ್ರಿಯಾದರು. ಅವರ ಮಗ ಜಾರ್ಜ್ ಎದಲ್ಜಿ ವಕೀಲನಾದನು. ರೈಲಿನಲ್ಲಿ ಓಡಾಡುವ ಸಾಮಾನ್ಯ ಮನುಷ್ಯನಿಗೆ ರೈಲ್ವೆ ಕಾನೂನು ತಿಳಿಯಲೆಂದು 1901ರಲ್ಲಿ ಒಂದು ಕೈಪಿಡಿಯನ್ನೂ ಬರೆದನು. 1903ರಲ್ಲಿ ಆ ಊರಿನ ಹೊಲಗಳಲ್ಲಿ ರಾತ್ರಿ ಹೊತ್ತು ಯಾರೋ ಕುದುರೆ, ದನಗಳ ಹೊಟ್ಟೆ ಸೀಳತೊಡಗಿದರು. ಪೋಲೀಸರು ಹಿಡಿದದ್ದು ಕಪ್ಪು ಮೈಬಣ್ಣದ ಪಾದ್ರಿಯ ಮಗನನ್ನು. ಅವನು ಸೆರೆಯಲ್ಲಿದ್ದಾಗಲೇ ಇನ್ನೊಂದು ಕುದುರೆಗೆ ಅದೇ ಗತಿಯಾಯಿತು. ರಾತ್ರಿ ತನ್ನ ಕೋಣೆಯಲ್ಲೇ ಅವನು ಮಲಗಿದ್ದನೆಂದು ತಂದೆ ಸಾಕ್ಷಿ ನುಡಿದರು. ಆದರೂ ಏಳು ವರ್ಷದ ಸಜೆಯಾಯಿತು.

ಮೂರು ವರ್ಷದ ಮೇಲೆ, 1906ರಲ್ಲಿ, ಕಾರಣವನ್ನೇ ಹೇಳದೆ ಅವನನ್ನು ಬಿಟ್ಟರು. ಕಳಂಕ ಮಾತ್ರ ಅಳಿಸಲಿಲ್ಲ, ವಕೀಲಿಯೂ ಹೋಯಿತು. ಆಗ ಅವನು ಕಾನನ್ ಡಾಯ್ಲನಿಗೆ ಬರೆದನು. ಡಾಯ್ಲನು ಲಂಡನ್ನಿನ ಒಂದು ಹೋಟೆಲಿನಲ್ಲಿ ಅವನನ್ನು ಕಾಣಹೋದಾಗ, ಜಾರ್ಜ್ ಪತ್ರಿಕೆಯನ್ನು ಕಣ್ಣಿಗೆ ತಾಗಿಸಿಕೊಂಡಂತೆ ಓರೆಯಾಗಿ ಹಿಡಿದು ಓದುತ್ತಿದ್ದನು. ಡಾಯ್ಲನು ಕಣ್ಣಿನ ವೈದ್ಯವನ್ನೂ ಕಲಿತವನು. ಹತ್ತಿರದ ಅಕ್ಷರವೇ ಇಷ್ಟು ಕಷ್ಟದಲ್ಲಿ ಕಾಣುವವನು ಕತ್ತಲಲ್ಲಿ ಹೊಲ, ಬೇಲಿ, ರೈಲು ಹಳಿ ದಾಟಿ ಹೋಗಿ ಕುದುರೆ ಸೀಳುವುದು ಹೇಗೆ? 1907ರ ಜನವರಿಯಲ್ಲಿ ಅವನು ಪತ್ರಿಕೆಯಲ್ಲಿ ಪುರಾವೆಗಳನ್ನು ಒಂದೊಂದಾಗಿ ಬಿಚ್ಚಿಟ್ಟನು. ಸರಕಾರಕ್ಕೆ ಕ್ಷಮಾದಾನ ಕೊಡಲೇಬೇಕಾಯಿತು. ಆದರೆ ಮೂರು ವರ್ಷದ ಸೆರೆವಾಸಕ್ಕೆ ಒಂದು ಕಾಸಿನ ಪರಿಹಾರವನ್ನೂ ಕೊಡಲಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಅಪೀಲು ನ್ಯಾಯಾಲಯ ಸ್ಥಾಪಿಸುವ ಕಾಯ್ದೆಯಾಯಿತು. ಅದಕ್ಕೆ ಮುಂಚೆ ಇಂಥ ಸಜೆಗಳ ಮೇಲೆ ಸರಿಯಾದ ಅಪೀಲಿನ ದಾರಿಯೇ ಇರಲಿಲ್ಲ! ಜಾರ್ಜನ ಪ್ರಕರಣವೂ, ಮುಖದ ಗುರುತು ತಪ್ಪಿ ಎರಡು ಸಲ ಸಜೆಯಾದ ಅಡಾಲ್ಫ್ ಬೆಕ್ ಎಂಬಾತನ ಪ್ರಕರಣವೂ ಆ ಕಾಯ್ದೆಯನ್ನು ತರಿಸಿದವು. ಕಥೆಗಾರನ ಕಣ್ಣು ಒಬ್ಬನ ಹೆಸರನ್ನು ತೊಳೆಯಿತು. ಮುಂದೆ ಬರುವ ಸಾವಿರಾರು ಜನರನ್ನು ಕಾಯಲು ಮಾತ್ರ ಕಾನೂನೇ ಬದಲಾಗಬೇಕಾಯಿತು.

ಇದೆಲ್ಲ ಇಂಗ್ಲೆಂಡು ಇಟಲಿಗಳ ಮಾತು, ನಮಗೇನು ಎನ್ನಬೇಡಿ. ಕೆಲವು ವರ್ಷದ ಹಿಂದೆ ಈ ನಗರದ ಒಂದು ಹೋಟೆಲಿನಲ್ಲಿ ನಡೆದದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಹೋಟೆಲಿನ ಹೆಸರು ಬೇಡ, ಹುಡುಗನ ಹೆಸರೂ ಬೇಡ. ರಾತ್ರಿ ಗಲ್ಲಾ ಎಣಿಸಿದಾಗ ನಾಲ್ಕು ಸಾವಿರ ರೂಪಾಯಿ ಕಡಿಮೆ ಬಂತು. ಆ ಹೊತ್ತಿಗೆ ಗಲ್ಲಾದ ಬಳಿ ನೆಲ ಒರೆಸಿದವನು ಊರಿನಿಂದ ಬಂದು ಆರು ತಿಂಗಳಾದ ಒಬ್ಬ ಕ್ಲೀನರ್ ಹುಡುಗ. ಅವನ ಟ್ರಂಕನ್ನು ಎಲ್ಲರೆದುರು ಸುರುವಿದರು. ಏನೂ ಸಿಗಲಿಲ್ಲ. ಸಿಗದಿರುವುದೇ ಅವನ ಜಾಣತನಕ್ಕೆ ಪುರಾವೆಯೆಂದರು! ಬಿಳಿಯ ಹಾಳೆಯ ಮೇಲೆ ರುಜು ಹಾಕಿಸಿಕೊಂಡರು, ಆ ತಿಂಗಳ ಪಗಾರ ಮುರಿದರು, ಊರಿನಲ್ಲಿ ಅಪ್ಪನಿಗೆ ತಿಳಿಸುತ್ತೇವೆಂದು ಹೆದರಿಸಿದರು. ಜೊತೆಯಲ್ಲಿ ಒಂದೇ ಸಾಲಿನಲ್ಲಿ ಮಲಗುವ ನಮ್ಮವರೇ ಕೆಲವರು “ಸುಮ್ಮನೆ ಹೇಳುತ್ತಾರೆಯೇ?” ಎಂದರು.

ನಾವು ನಾಲ್ಕು ಜನ ಮಾತಾಡಲು ಹೋದೆವು. ಮೊದಲು ಕೇಳಿದ್ದು ಪತ್ತೇದಾರಿ ಕಾದಂಬರಿಯ ಪ್ರಶ್ನೆಗಳನ್ನೇ. ಗಲ್ಲಾದ ಬೀಗದ ಕೈ ಎಷ್ಟು? ಯಾರ ಯಾರ ಬಳಿ? ಸಂಜೆ ಪಾಳಿ ಬದಲಾದಾಗ ಎಣಿಸಿದ್ದರೇ? ತರಕಾರಿಯವನಿಗೂ ಗ್ಯಾಸಿನವನಿಗೂ ಕೊಟ್ಟ ಹಣಕ್ಕೆ ಚೀಟಿ ಇದೆಯೇ? ಬೀಗದ ಕೈ ಮೂರು. ಸಂಜೆ ಎಣಿಸಿರಲಿಲ್ಲ. ಎರಡು ಚೀಟಿ ಇರಲಿಲ್ಲ. ಆಮೇಲೆ ಕಾನೂನಿನ ಪ್ರಶ್ನೆಗಳನ್ನು ಕೇಳಿದೆವು. ಆರೋಪವನ್ನು ಬರೆದು ಕೊಟ್ಟಿರಾ? ಉತ್ತರ ಹೇಳಲು ಅವನಿಗೆ ಅವಕಾಶ ಕೊಟ್ಟಿರಾ? ಹಣ ಕಳೆದುಕೊಂಡೆನೆಂದು ದೂರುವವರೇ ಕುಳಿತು ತೀರ್ಪು ಕೊಡುವುದು ಯಾವ ನ್ಯಾಯ?

ಒಂದು ವಾರ ಓಡಾಡಿದ ಮೇಲೆ ಪಗಾರ ಕೈಗೆ ಬಂತು, ಬಿಳಿಯ ಹಾಳೆಯನ್ನು ನಮ್ಮೆದುರೇ ಹರಿದರು. ಹುಡುಗನು ಅಲ್ಲಿ ನಿಲ್ಲಲೊಪ್ಪದೆ ಬೇರೆ ಕಡೆ ಸೇರಿದನು. ಆ ನಾಲ್ಕು ಸಾವಿರ ಯಾರು ತೆಗೆದರು, ಅಥವಾ ಯಾರೂ ತೆಗೆಯದೆ ಲೆಕ್ಕದಲ್ಲೇ ತಪ್ಪಿತೋ, ಇಂದಿಗೂ ಯಾರಿಗೂ ತಿಳಿಯದು. ಕಾದಂಬರಿಯಾಗಿದ್ದರೆ ಇದು ಸೋಲು. ಇಂಥ ಪುಸ್ತಕವನ್ನು ನೀವು ಎಸೆದುಬಿಡುತ್ತಿದ್ದಿರಿ. ಕಾನೂನಿನ ದೃಷ್ಟಿಯಲ್ಲಿ ಇದು ಗೆಲುವು. ಕಳ್ಳನು ತಿಳಿಯದಿದ್ದಾಗ ಕೈಗೆ ಸಿಕ್ಕವನನ್ನು ಕಳ್ಳನೆನ್ನದಿರುವುದು ನ್ಯಾಯದ ದೊಡ್ಡ ಭಾಗ. ಇದನ್ನು ಯಾವ ಪತ್ತೇದಾರಿ ಕಾದಂಬರಿಯೂ ನಮಗೆ ಕಲಿಸಲಿಲ್ಲ, ಆ ಧೂಳು ಹಿಡಿದ ದಪ್ಪ ಪುಸ್ತಕಗಳು ಕಲಿಸಿದವು.

ಪಗಾರ ಮುರಿಯುವ ಮಾತು ಬಂತಲ್ಲ, ಅದನ್ನೂ ಹೇಳಿಬಿಡೋಣ. 1936ರ ವೇತನ ಪಾವತಿ ಕಾಯ್ದೆಯಲ್ಲಿ ದಂಡದ ಬಗ್ಗೆ ಕಟ್ಟಳೆಗಳಿದ್ದವು. 2019ರ ವೇತನ ಸಂಹಿತೆಯಲ್ಲೂ ಅವನ್ನು ಉಳಿಸಿಕೊಂಡಿದ್ದಾರೆ. ಕೆಲಸಗಾರನಿಗೆ ಕಾರಣ ಹೇಳಲು ಅವಕಾಶ ಕೊಡದೆ ದಂಡ ಹಾಕುವಂತಿಲ್ಲ. ದಂಡವು ಆ ಅವಧಿಯ ವೇತನದ ನೂರಕ್ಕೆ 3ನ್ನು ಮೀರುವಂತಿಲ್ಲ. ನಷ್ಟಕ್ಕೆಂದು ಮುರಿಯುವುದಾದರೂ ಆ ನಷ್ಟ ಇವನ ತಪ್ಪಿನಿಂದಲೇ ನೇರವಾಗಿ ಆಗಿರಬೇಕು, ಇವನ ಮಾತನ್ನೂ ಕೇಳಿರಬೇಕು. ದಂಡದ ಹಣ ಮಾಲಕರ ಜೇಬಿಗೆ ಹೋಗಬಾರದು. ಕೆಲಸಗಾರರ ಹಿತಕ್ಕೇ ಬಳಸಬೇಕು.

ಈ ಕೊನೆಯ ಕಟ್ಟಳೆ ಏಕೆ ಬೇಕು ಎಂಬುದು ತಿಳಿಯಬೇಕಾದರೆ ರಾಜ್ಯಶಾಸ್ತ್ರದ ಪುಸ್ತಕವನ್ನೇ ತೆರೆಯಬೇಕು. 1841ರಲ್ಲಿ ಜರ್ಮನಿಯ ರೈನ್ ಪ್ರಾಂತದಲ್ಲಿ ಕಾಡಿನ ಕಟ್ಟಿಗೆಯ ಕಳವಿನ ಬಗ್ಗೆ ಒಂದು ಮಸೂದೆ ಚರ್ಚೆಗೆ ಬಂತು. ಬಡವರು ತಲೆತಲಾಂತರದಿಂದ ಕಾಡಿನಲ್ಲಿ ಉದುರಿದ ಪುಳ್ಳೆ ಆಯುತ್ತಿದ್ದರು. ಇನ್ನು ಮುಂದೆ ಅದೂ ಕಳ್ಳತನವೆಂದರು. ಕಾಡಿನ ಒಡೆಯನ ಕಾವಲುಗಾರನೇ ಕಟ್ಟಿಗೆಗೆ ಬೆಲೆ ಕಟ್ಟುವವನು, ದಂಡದ ಹಣವೂ ಒಡೆಯನಿಗೇ. 1842ರಲ್ಲಿ ಇಪ್ಪತ್ತನಾಲ್ಕು ವರ್ಷದವನಾಗಿದ್ದ ಕಾರ್ಲ್ ಮಾರ್ಕ್ಸ್ ಇದರ ಮೇಲೆ ಪತ್ರಿಕೆಯಲ್ಲಿ ಲೇಖನಮಾಲೆ ಬರೆದು, ಒಡೆಯನ ಲಾಭಕ್ಕಾಗಿ ಕಾನೂನನ್ನೇ ಆಳನ್ನಾಗಿ ಮಾಡುತ್ತೀರಿ ಎಂಬ ಅರ್ಥದಲ್ಲಿ ಖಂಡಿಸಿದನು. ಅವನ ಉಳಿದ ಅಭಿಪ್ರಾಯಗಳನ್ನು ಒಪ್ಪುವವರೂ ಒಪ್ಪದವರೂ ನಮ್ಮ ಸಂಘದಲ್ಲಿದ್ದಾರೆ. ಆದರೆ ಗುಡ್ಡದಲ್ಲಿ ತರಗೆಲೆ ಗುಡಿಸಿ, ಪುಳ್ಳೆ ಆಯ್ದು ಒಲೆ ಉರಿಸಿದ ತಾಯಂದಿರ ಮಕ್ಕಳು ನಾವು. ನಿನ್ನೆಯವರೆಗೆ ರೂಢಿಯಾಗಿದ್ದದ್ದು ಇಂದು ಬೆಳಗಾಗುವಷ್ಟರಲ್ಲಿ ಅಪರಾಧವಾಗುವುದು ಹೇಗೆ ಎಂಬ ಪ್ರಶ್ನೆ ನಮ್ಮದು. ಪತ್ತೇದಾರನು ಅಪರಾಧಿಯನ್ನು ಹುಡುಕುತ್ತಾನೆ. ಯಾವುದನ್ನು ಅಪರಾಧವೆಂದು ಕರೆಯಬೇಕು, ಕರೆದವರಾರು ಎಂದು ಅವನು ಹುಡುಕುವುದಿಲ್ಲ.

ಹಾಗೆಂದು ಎಲ್ಲ ಪತ್ತೇದಾರಿ ಕಾದಂಬರಿಗಳೂ ಅಷ್ಟಕ್ಕೇ ನಿಲ್ಲುವುದಿಲ್ಲ. ಅಗಾಥಾ ಕ್ರಿಸ್ಟಿ 1934ರಲ್ಲಿ ಬರೆದ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ಎಂಬ ಕಾದಂಬರಿಯಲ್ಲಿ ಹಿಮದಲ್ಲಿ ಸಿಕ್ಕಿಬಿದ್ದ ರೈಲಿನೊಳಗೆ ಒಬ್ಬನ ಕೊಲೆಯಾಗುತ್ತದೆ. ಸತ್ತವನು ಒಂದು ಮಗುವನ್ನು ಕದ್ದೊಯ್ದು ಕೊಂದು, ನ್ಯಾಯಾಲಯದಿಂದ ನುಣುಚಿಕೊಂಡು ಬಂದವನು. ಕೊಂದವರಾರೆಂದು ಹೇಳುವುದಿಲ್ಲ, ಹೇಳಿದರೆ ನೀವು ನಮ್ಮನ್ನು ಈ ವೇದಿಕೆಯಿಂದ ಇಳಿಯಗೊಡುವುದಿಲ್ಲ. ಆದರೆ ಕಾನೂನು ಕೈಬಿಟ್ಟಾಗ ಮನುಷ್ಯನೇ ಕಾನೂನನ್ನು ಕೈಗೆತ್ತಿಕೊಳ್ಳಬಹುದೇ ಎಂಬ ದೊಡ್ಡ ಪ್ರಶ್ನೆ ಆ ಕಥೆಯ ಹೊಟ್ಟೆಯಲ್ಲಿದೆ. ನಮ್ಮ ಲೋಕಲ್ ಗಾಡಿಯಲ್ಲಿ ಯಾರಾದರೂ ‘ಪಾಕೀಟುಮಾರ’ ಎಂದು ಕೂಗಿದರೆ ಸಾಕು, ಪಾಕೀಟು ಯಾರದೆಂದು ತಿಳಿಯುವ ಮುಂಚೆಯೇ ಹತ್ತು ಕೈ ಏಳುತ್ತವೆ. ಏಳುವ ಕೈಗಳಲ್ಲಿ ದಣಿದ, ಸಿಟ್ಟಾದ ನಮ್ಮವರ ಕೈಗಳೂ ಇರುತ್ತವೆ. ನಾಳೆ ಅದೇ ಹತ್ತು ಕೈ ನಮ್ಮ ಹಳೆ ಅಂಗಿ ನೋಡಿ ನಮ್ಮ ಮೇಲೆಯೇ ಎದ್ದರೆ? ಇದನ್ನು ಕುಳಿತು ಚರ್ಚಿಸಲು ಅಂಥ ಕಾದಂಬರಿಗಿಂತ ಒಳ್ಳೆಯ ಬಾಗಿಲು ಬೇರೊಂದಿಲ್ಲ.

ಇನ್ನು ಸಂವಿಧಾನ. ಅದರ ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಡಾ. ಅಂಬೇಡ್ಕರರು ಪರೇಲಿನ ಬಿ.ಐ.ಟಿ. ಚಾಳಿನ ಚಿಕ್ಕ ಕೋಣೆಗಳಲ್ಲಿ ಗಿರಣಿ ಕೆಲಸಗಾರರ ನೆರೆಯಲ್ಲಿ ವರ್ಷಗಟ್ಟಲೆ ಬಾಳಿದವರು. ಆಮೇಲೆ ದಾದರಿನಲ್ಲಿ ಕಟ್ಟಿಸಿದ ಮನೆಯಲ್ಲೂ ದೊಡ್ಡ ಜಾಗ ಹೋದದ್ದು ಪುಸ್ತಕಗಳಿಗೆ. 1949ರ ನವೆಂಬರ್ 25ರಂದು ಅವರು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ: ವೋಟಿನಲ್ಲಿ ಸಮಾನತೆ ಬಂದು ಬದುಕಿನಲ್ಲಿ ಅಸಮಾನತೆ ಉಳಿದರೆ ಕಟ್ಟಿದ ಕಟ್ಟಡವೇ ನಿಲ್ಲದು. ಇದು ಪಂಡಿತರಿಗೆಂದು ಆಡಿದ ಮಾತಲ್ಲ.

ಆ ಸಂವಿಧಾನದ ಎರಡು ವಿಧಿಗಳನ್ನಾದರೂ ಪ್ರತಿಯೊಬ್ಬ ಸದಸ್ಯನೂ ಬಾಯಿಪಾಠ ಮಾಡಬೇಕು. 20ನೆಯ ವಿಧಿ: ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಯಾವ ಆರೋಪಿಯನ್ನೂ ಬಲವಂತ ಮಾಡುವಂತಿಲ್ಲ. 22ನೆಯ ವಿಧಿ: ಹಿಡಿದವನಿಗೆ ಏಕೆ ಹಿಡಿದರೆಂದು ಹೇಳಬೇಕು, ವಕೀಲನನ್ನು ಕಾಣಗೊಡಬೇಕು, ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಪೋಲೀಸ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ತರುವಂತಿಲ್ಲವೆಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಹೇಳುತ್ತದೆ. ಮಾಂಡವ್ಯನ ಕಥೆ ವ್ಯರ್ಥವಾಗಲಿಲ್ಲ.

ಬಡವನಿಗೆ ವಕೀಲನೆಲ್ಲಿ ಎನ್ನುವಿರಿ. 1979ರಲ್ಲಿ ಹುಸೈನಾರಾ ಖಾತೂನ್ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು ಬಿಹಾರದ ಜೈಲುಗಳತ್ತ ನೋಡಿದಾಗ, ಆರೋಪ ರುಜುವಾತಾದರೂ ಆಗದಷ್ಟು ಸಜೆಯನ್ನು ವಿಚಾರಣೆಯೇ ಇಲ್ಲದೆ ಅನುಭವಿಸಿದವರು ಅಲ್ಲಿದ್ದರು. ಬೇಗ ವಿಚಾರಣೆ ನಡೆಯುವುದೂ ಜೀವಿಸುವ ಹಕ್ಕಿನ ಭಾಗವೆಂದು ಕೋರ್ಟು ಹೇಳಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕಸ್ಟಡಿಯಲ್ಲಿರುವವರು, ಇವರೊಡನೆ ಕೈಗಾರಿಕಾ ಕಾರ್ಮಿಕರೂ ಉಚಿತ ಕಾನೂನು ನೆರವಿಗೆ ಹಕ್ಕುದಾರರು. ಕೋರ್ಟಿನ ಆವರಣದ ಕಾನೂನು ಸೇವಾ ಕಚೇರಿಯ ಬಾಗಿಲು ನಮಗೂ ತೆರೆದಿದೆ. ತೆರೆದಿರುವುದು ತಿಳಿಯದಿದ್ದರೆ ಮುಚ್ಚಿದ ಹಾಗೆಯೇ.

ಬಂಧುಗಳೇ, ದಪ್ಪ ಪುಸ್ತಕ ತೆರೆದರೆ ನಿದ್ದೆ ಬರುತ್ತದೆಂಬ ದೂರು ಸುಳ್ಳಲ್ಲ. ಹದಿನಾಲ್ಕು ತಾಸು ನಿಂತು ದುಡಿದವನಿಗೆ ಒಂಟಿಯಾಗಿ ಅದನ್ನು ಓದುವುದು ಸಾಧ್ಯವಿಲ್ಲ. ಒಬ್ಬನು ಓದಬೇಕು, ಹತ್ತು ಜನ ಕೇಳಬೇಕು, ತಿಳಿಯದ ಮಾತು ಬಂದಲ್ಲಿ ನಿಲ್ಲಿಸಬೇಕು. ಕಾದಂಬರಿಯನ್ನು ಓಡುತ್ತ ಓದಬಹುದು. ಕಾನೂನನ್ನು ನಡೆಯುತ್ತ ಓದಬೇಕು. ದಿನಕ್ಕೆ ಒಂದು ಪುಟವಾದರೆ ಸಾಕು.

ಆದುದರಿಂದ ಸಭೆಯ ಮುಂದೆ ನಾಲ್ಕು ಸೂಚನೆಗಳನ್ನು ಇಡುತ್ತೇವೆ. ಒಂದು: ಈ ವರ್ಷದ ಪುಸ್ತಕದ ಹಣವನ್ನು ಸರಿಯಾಗಿ ಅರ್ಧರ್ಧ ಮಾಡಬೇಕು. ಸಾಲದ ಪತ್ತೇದಾರಿ ಕಾದಂಬರಿಗಳನ್ನು ಸದಸ್ಯರು ತಮ್ಮಲ್ಲಿ ಓದಿ ಮುಗಿಸಿದ್ದನ್ನು ತಂದುಕೊಟ್ಟು ತುಂಬಿಸಬೇಕು. ಎರಡು: ಸಂವಿಧಾನದ ಕನ್ನಡ ಪ್ರತಿಯೂ, ಕನ್ನಡದಲ್ಲಿ ಸಂಪುಟಗಳಾಗಿ ಬಂದಿರುವ ಅಂಬೇಡ್ಕರರ ಬರಹಗಳೂ ಒಳಗಿನ ಬೀರುವಿನಿಂದ ಹೊರಬಂದು ಕಾದಂಬರಿಗಳ ಪಕ್ಕದಲ್ಲೇ ಕೂಡಬೇಕು. ಮೂರು: ತಿಂಗಳಿಗೊಂದು ರಾತ್ರಿ ಹೋಟೆಲು ಮುಚ್ಚಿದ ಮೇಲೆ ಒಂದು ತಾಸು ಒಟ್ಟಿಗೆ ಓದಬೇಕು. ಅರ್ಧ ತಾಸು ಪತ್ತೇದಾರಿ ಕಥೆ, ಅರ್ಧ ತಾಸು ಅದೇ ಕಥೆಯಲ್ಲಿ ಹಿಡಿದವನಿಗೆ ಕಾನೂನಿನಲ್ಲಿ ಯಾವ ರಕ್ಷಣೆ ಇತ್ತು ಎಂಬ ವಿಚಾರ. ನಾಲ್ಕು: ನಮ್ಮ ಯಾವ ಸದಸ್ಯನ ಮೇಲಾದರೂ ಕಳವಿನ ಆರೋಪ ಬಂದರೆ, ಸಂಘದ ಇಬ್ಬರು ಹೋಗಿ ಎರಡೂ ಬಗೆಯ ಪ್ರಶ್ನೆಗಳನ್ನು ಕೇಳುವವರೆಗೆ ನಮ್ಮಲ್ಲಿ ಒಬ್ಬರೂ ಅವನನ್ನು ಕಳ್ಳನೆನ್ನಬಾರದು.

ಈ ನಾಲ್ಕನೆಯ ಸೂಚನೆಗೆ ಒಂದು ಪೈಸೆಯ ಖರ್ಚೂ ಇಲ್ಲ. ಉಳಿದ ಮೂರನ್ನು ನೀವು ತಳ್ಳಿಹಾಕಿದರೂ ಅದೊಂದಕ್ಕೆ ಕೈ ಎತ್ತಿರೆಂದು ಕೇಳಿಕೊಳ್ಳುತ್ತೇವೆ.